ವಿಮಾನ ವೀಕ್ಷಣೆ

ಹಾರುವ, ಇಳಿಯುವ ಮತ್ತು ನೆಲದ ಮೇಲೆ ನಿಂತ ವಿಮಾನಗಳನ್ನು ನೋಡಿ ಗುರುತಿಸಿ, ಅವುಗಳ ಮಾದರಿ, ನೋಂದಣಿ ಅಕ್ಷರ, ಮೈಬಣ್ಣ, ಬಂದ ಹೊತ್ತು ಇವನ್ನೆಲ್ಲ ಬರೆದಿಟ್ಟುಕೊಳ್ಳುವ ಹವ್ಯಾಸ. ಮೊದಲು ದುರ್ಬೀನು ಮತ್ತು ನೋಟ್‌ಬುಕ್ಕು ಇದರ ಸಾಧನಗಳಾಗಿದ್ದವು. ಈಗ ಕ್ಯಾಮೆರಾ ಮತ್ತು ಮೊಬೈಲು. ಹವ್ಯಾಸಿಗಳು ತಮ್ಮನ್ನು ಸ್ಪಾಟರ್‌ಗಳೆಂದೇ ಕರೆದುಕೊಳ್ಳುತ್ತಾರೆ. ಹಕ್ಕಿ ನೋಡುವವರಿಗೆ ಪಕ್ಷಿವೀಕ್ಷಕರು ಎಂಬ ಹೆಸರು ಕನ್ನಡದಲ್ಲಿ ಬೇರೂರಿದೆ. ವಿಮಾನ ನೋಡುವವರಿಗೆ ಅಂಥ ಹೆಸರು ಇನ್ನೂ ಅಂಟಿಲ್ಲ. ಎರಡೂ ಒಂದೇ ಬಗೆಯ ಹುಚ್ಚು ಎನ್ನಬಹುದು. ಗಾತ್ರ, ರೆಕ್ಕೆಯ ಓರೆ, ಬಾಲದ ಆಕಾರ, ದನಿ ಇವುಗಳಿಂದ ಜಾತಿ ಹೇಳುವುದು ಎರಡಕ್ಕೂ ಸಮಾನ. ಒಂದೇ ವ್ಯತ್ಯಾಸವೆಂದರೆ ವಿಮಾನದ ಮೈಮೇಲೆ ಅದರ ಹೆಸರು ಬರೆದಿರುತ್ತದೆ.

ಕರ್ನಾಟಕದಲ್ಲಿ ಈ ಹವ್ಯಾಸದ ಕೇಂದ್ರ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ವಿಮಾನ ಇಳಿಯದ ಊರಿನಲ್ಲೂ ನೋಡುವ ಕಣ್ಣಿಗೆ ಕೆಲಸವಿದೆ ಎನ್ನುವುದಕ್ಕೆ ವಿಜಯಪುರದ ಸ್ಟೇಷನ್ ರಸ್ತೆ ಸಾಕ್ಷಿ. ಆ ಮಾತು ಈ ಲೇಖನದ ಕೊನೆಯಲ್ಲಿದೆ.

ಹುಟ್ಟು

ಈ ಹವ್ಯಾಸ ಬೆಳೆದದ್ದು ಭಯದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಅಬ್ಸರ್ವರ್ ಕೋರ್ ಎಂಬ ಸ್ವಯಂಸೇವಕ ದಳದವರು ಗುಡ್ಡ, ಗೋಪುರಗಳ ಮೇಲೆ ಕಾವಲು ಕೂತು, ಬರುತ್ತಿರುವುದು ನಮ್ಮ ವಿಮಾನವೋ ಶತ್ರುವಿನದೋ ಎಂದು ನೆರಳಿನ ಆಕಾರದಿಂದಲೇ ಹೇಳಬೇಕಿತ್ತು. ಇದನ್ನು ಕಲಿಸಲೆಂದೇ 1941ರಲ್ಲಿ ‘ದಿ ಏರೋಪ್ಲೇನ್ ಸ್ಪಾಟರ್’ ಎಂಬ ಪತ್ರಿಕೆ ಹೊರಟಿತು. ಯುದ್ಧ ಮುಗಿದ ಮೇಲೂ ಕಣ್ಣಿನ ಅಭ್ಯಾಸ ಉಳಿಯಿತು. ಹುಡುಗರು ಬೇಲಿಯ ಹೊರಗೆ ನಿಂತು ನಂಬರು ಬರೆಯತೊಡಗಿದರು. ಮುಂದೆ ಕೆಲವು ಜಾಗಗಳು ಈ ಹವ್ಯಾಸಿಗಳ ತೀರ್ಥಕ್ಷೇತ್ರಗಳೇ ಆದವು. ಕೆರಿಬಿಯನ್ ದ್ವೀಪ ಸೇಂಟ್ ಮಾರ್ಟಿನ್‌ನ ಮಾಹೋ ಕಡಲತೀರದಲ್ಲಿ ಮಲಗಿದವರ ತಲೆಯ ಮೇಲೆಯೇ ವಿಮಾನ ಇಳಿಯುತ್ತದೆ. ಹಾಂಗ್‌ಕಾಂಗಿನ ಹಳೆಯ ಕೈಟಾಕ್ ನಿಲ್ದಾಣದಲ್ಲಿ ಮನೆಗಳ ಸಂದಿಯಲ್ಲಿ ತಿರುಗಿ ಇಳಿಯುತ್ತಿದ್ದ ನೋಟ 1998ರಲ್ಲಿ ಅದು ಮುಚ್ಚುವವರೆಗೂ ಇತ್ತು.

ಕರ್ನಾಟಕದ ನೆಲಕ್ಕೆ ನಾಗರಿಕ ವಿಮಾನ ಸೇವೆ ಬಂದದ್ದು ಬಳ್ಳಾರಿಯ ಮೂಲಕ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲೆ ಮದ್ರಾಸಿಗೆ ಒಯ್ದರು. 1940ರ ಕೊನೆಯಲ್ಲಿ ವಾಲ್ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ಇವತ್ತಿನ ಎಚ್‌ಎಎಲ್ ಅದೇ. ಆಮೇಲೆ ಊರಿನ ಪೂರ್ವ ಭಾಗದ ಆಕಾಶ ಒಂದು ಪ್ರದರ್ಶನಾಲಯವೇ ಆಯಿತು. 1951ರ ಆಗಸ್ಟಿನಲ್ಲಿ ಎಚ್‌ಟಿ-2 ತರಬೇತಿ ವಿಮಾನ, 1961ರ ಜೂನಿನಲ್ಲಿ ಜರ್ಮನ್ ತಜ್ಞ ಕುರ್ಟ್ ಟ್ಯಾಂಕ್ ವಿನ್ಯಾಸದ ಮಾರುತ್ ಯುದ್ಧವಿಮಾನ, 2001ರ ಜನವರಿ 4ರಂದು ತೇಜಸ್ ಮೊದಲ ಸಲ ಗಾಳಿಗೇರಿದ್ದು ಇಲ್ಲಿಂದಲೇ. ಮಾರತ್ತಹಳ್ಳಿಗೆ ಆ ಹೆಸರು ಬಂದದ್ದು ಮಾರುತ್ ವಿಮಾನದಿಂದ ಎಂದು ಆ ಕಡೆಯ ಹಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ನಂಬುವುದು ಕಷ್ಟ.

ಎಚ್‌ಎಎಲ್‌ನಿಂದ ದೇವನಹಳ್ಳಿಗೆ

2008ರ ಮೇ 24ರವರೆಗೆ ಬೆಂಗಳೂರಿನ ಪ್ರಯಾಣಿಕ ವಿಮಾನಗಳೆಲ್ಲ ಎಚ್‌ಎಎಲ್ ನಿಲ್ದಾಣದಲ್ಲೇ ಇಳಿಯುತ್ತಿದ್ದವು. ದೊಮ್ಮಲೂರು, ಮುರುಗೇಶಪಾಳ್ಯದ ತಾರಸಿಗಳಿಂದ ವಿಮಾನದ ಹೊಟ್ಟೆ ಮುಟ್ಟುವಷ್ಟು ಹತ್ತಿರ ಕಾಣುತ್ತಿತ್ತು. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಇಲ್ಲಿ ಹುಟ್ಟಿತು, ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ತನ್ನ ಗುರುತಾಗಿ ಮಾಡಿಕೊಂಡು. 2005ರಲ್ಲಿ ಕಿಂಗ್‌ಫಿಷರ್‌ನ ಕೆಂಪು ಬಂತು. ಇವತ್ತು ಎರಡೂ ಇಲ್ಲ. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನೆಲ ಹಿಡಿದವು. 2024ರ ನವೆಂಬರಿನಲ್ಲಿ ವಿಸ್ತಾರ ಏರ್ ಇಂಡಿಯಾದೊಳಗೆ ಕರಗಿತು. ಕಂಪನಿ ಮುಳುಗಿದ ಮೇಲೆ ವಿಮಾನ ಅದನ್ನು ಗುತ್ತಿಗೆಗೆ ಕೊಟ್ಟವರ ಪಾಲಾಗುತ್ತದೆ, ಬಣ್ಣ ಕೆರೆದು ಇನ್ನೊಂದು ದೇಶಕ್ಕೆ ಹೋಗುತ್ತದೆ. ಯಾವ ವಿಮಾನ ಯಾವ ದಿನ ಯಾವ ಬಣ್ಣದಲ್ಲಿ ಬೆಂಗಳೂರಿನಲ್ಲಿತ್ತು ಎಂಬುದಕ್ಕೆ ಸಾರ್ವಜನಿಕರ ಕೈಗೆ ಸಿಗುವ ದಾಖಲೆ ಎಂದರೆ ಬಹುಮಟ್ಟಿಗೆ ಗೋಡೆಯ ಹೊರಗೆ ನಿಂತ ಹವ್ಯಾಸಿಗಳ ಫೋಟೊಗಳೇ. ಈ ಹವ್ಯಾಸವನ್ನು ಗಂಭೀರವಾಗಿ ನೋಡಬೇಕೆನ್ನುವುದಕ್ಕೆ ಈ ಒಂದು ಕಾರಣ ಸಾಕು.

2008ರಲ್ಲಿ ತೆರೆದ ದೇವನಹಳ್ಳಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು 2013ರಲ್ಲಿ ಬಂತು. 2019ರ ಡಿಸೆಂಬರಿನಲ್ಲಿ ದಕ್ಷಿಣದ ಎರಡನೆಯ ರನ್‌ವೇ ತೆರೆಯಿತು; ಎರಡೂ ತಲಾ 4,000 ಮೀಟರ್ ಉದ್ದ. 2022ರ ನವೆಂಬರ್ 11ರಂದು ಎರಡನೆಯ ಟರ್ಮಿನಲ್ಲೂ 108 ಅಡಿಯ ಕೆಂಪೇಗೌಡರ ಪ್ರತಿಮೆಯೂ ಉದ್ಘಾಟನೆಯಾದವು. 2024-25ರಲ್ಲಿ ಇಲ್ಲಿ ಓಡಾಡಿದ ಪ್ರಯಾಣಿಕರು 4.18 ಕೋಟಿಗೂ ಹೆಚ್ಚು. ದೇಶದಲ್ಲಿ ದೆಹಲಿ, ಮುಂಬೈ ಬಿಟ್ಟರೆ ಇದೇ.

ಆದರೆ ಸ್ಪಾಟರ್‌ಗೆ ಪ್ರಯಾಣಿಕರ ಲೆಕ್ಕ ಬೇಡ, ವಿಮಾನದ ಬಗೆ ಬೇಕು. ಏರ್ ಇಂಡಿಯಾದ ಮೊದಲ ಎ350 ಪ್ರಯಾಣಿಕರನ್ನು ಹೊತ್ತು ಹಾರಿದ್ದು 2024ರ ಜನವರಿ 22ರಂದು, ಬೆಂಗಳೂರಿನಿಂದ ಮುಂಬೈಗೆ. ಅದಕ್ಕೂ ದೊಡ್ಡ ಹಬ್ಬ 2022ರ ಅಕ್ಟೋಬರ್ 14: ಎಮಿರೇಟ್ಸ್‌ನ ಎ380 ಮೊದಲ ಸಲ ಬೆಂಗಳೂರಿಗೆ ಬಂದ ದಿನ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 80 ಮೀಟರ್, ಎರಡಂತಸ್ತು, 22 ಚಕ್ರ. ಇಳಿಯುವಾಗ ಮೊದಲು ಹಿಂದಿನ ಚಕ್ರಗಳಿಂದ ಬಿಳಿ ಹೊಗೆ ಬುಸ್ಸೆನ್ನುತ್ತದೆ. ಮೂಗು ಇನ್ನೂ ಮೇಲೇ ಇರುತ್ತದೆ, ಏನೋ ಯೋಚಿಸುತ್ತಿರುವಂತೆ. ಆಮೇಲೆ ಎಂಜಿನ್‌ಗಳ ಪಕ್ಕೆ ತೆರೆದುಕೊಂಡು ಗಾಳಿ ಮುಂದಕ್ಕೆ ನುಗ್ಗುತ್ತದೆ. ನಾಲ್ಕು ಎಂಜಿನ್‌ಗಳಲ್ಲಿ ಹೀಗೆ ತೆರೆಯುವುದು ಒಳಗಿನ ಎರಡು ಮಾತ್ರ ಎಂಬುದನ್ನು ಗಮನಿಸಿದವನು ಪಳಗಿದ ಸ್ಪಾಟರ್. ಆ ಮೊದಲ ಹಾರಾಟ ಮಧ್ಯಾಹ್ನ ಬಂದಿತ್ತು, ಕ್ಯಾಮೆರಾಗಳಿಗೆ ಬೆಳಕಿತ್ತು. ಆ ತಿಂಗಳ ಕೊನೆಗೆ ನಿತ್ಯದ ಸೇವೆ ಶುರುವಾದಾಗ ಪ್ರಕಟವಾದ ವೇಳಾಪಟ್ಟಿಯಲ್ಲಿ ಅದು ಇಳಿಯುವ ಹೊತ್ತು ನಡುರಾತ್ರಿ ದಾಟಿ ಎರಡೂವರೆ. ಯುರೋಪು, ಕೊಲ್ಲಿಯ ದೊಡ್ಡ ವಿಮಾನಗಳಲ್ಲಿ ಬಹುಪಾಲು ಭಾರತಕ್ಕೆ ಬರುವುದೇ ಹೀಗೆ, ಊರು ಮಲಗಿದಾಗ. ಇಲ್ಲಿನ ಸ್ಪಾಟರ್‌ಗಳ ಕೊರಗೂ ಇದೇ: ಹಗಲೆಲ್ಲ ಇಂಡಿಗೋದ ನೀಲಿ ಎ320 ಒಂದರ ಹಿಂದೊಂದು, ನೋಡಬೇಕಾದದ್ದು ಕತ್ತಲಲ್ಲಿ.

ನೋಂದಣಿ ಅಕ್ಷರ

ವಾಹನಕ್ಕೆ ಕೆಎ 28 ಎಂದಿದ್ದರೆ ಅದು ವಿಜಯಪುರದ್ದು ಎಂದು ತಿಳಿಯುವ ಹಾಗೆ, ವಿಮಾನದ ಬಾಲದ ಬಳಿಯ ಅಕ್ಷರದಿಂದ ಅದರ ದೇಶ ತಿಳಿಯುತ್ತದೆ. ಭಾರತದ್ದು ವಿಟಿ, ಬ್ರಿಟನ್ನಿನದು ಜಿ, ಜರ್ಮನಿಯದು ಡಿ, ಅಮೆರಿಕದ್ದು ಎನ್, ಸಿಂಗಪುರದ್ದು 9ವಿ, ಅರಬ್ ಸಂಯುಕ್ತ ಸಂಸ್ಥಾನದ್ದು ಎ6. ವಿಟಿ ಎಂದರೆ ‘ವೈಸ್‌ರಾಯ್ ಟೆರಿಟರಿ’, ಗುಲಾಮಗಿರಿಯ ಕುರುಹು ಎಂಬ ಮಾತು ಆಗಾಗ ಕೇಳಿಬರುತ್ತದೆ. ನಿಜವೆಂದರೆ 1920ರ ದಶಕದ ಕೊನೆಯಲ್ಲಿ ರೇಡಿಯೋ ಕರೆಸಂಕೇತಗಳನ್ನು ದೇಶಗಳಿಗೆ ಹಂಚಿದಾಗ ಬ್ರಿಟಿಷ್ ಆಳ್ವಿಕೆಯ ಹಲವು ನಾಡುಗಳಿಗೆ ವಿ ಅಕ್ಷರದ ಗುಂಪು ಬಂತು. ಆಸ್ಟ್ರೇಲಿಯಾದ ವಿಎಚ್ ಕೂಡ ಆ ಗುಂಪಿನದೇ. ವಸಾಹತಿನ ವಾಸನೆ ಇರುವುದು ವಿ ಅಕ್ಷರದಲ್ಲಿ. ಟಿ ಸುಮ್ಮನೆ ಸರದಿಯಲ್ಲಿ ಸಿಕ್ಕಿದ್ದು.

ಸ್ಪಾಟರ್‌ನ ಪುಸ್ತಕದ ಒಂದು ಸಾಲು ಚಿಕ್ಕದು: ದಿನಾಂಕ, ಹೊತ್ತು, ನೋಂದಣಿ, ಮಾದರಿ, ಎಲ್ಲಿಂದ ಎಲ್ಲಿಗೆ, ಯಾವ ರನ್‌ವೇ. ಮೊದಲ ಸಲ ಕಂಡದ್ದಕ್ಕೆ ಪಕ್ಕದಲ್ಲೊಂದು ಗುರುತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2023ರ ಹೊಸ ಬಣ್ಣದಲ್ಲಿ ಬಾಲಗಳ ಮೇಲೆ ಬಾಂಧನಿ, ಅಜ್ರಖ್, ಕಲಂಕಾರಿಯಂಥ ಬೇರೆ ಬೇರೆ ಬಟ್ಟೆಯ ಚಿತ್ತಾರ ಬಿಡಿಸಿದ ಮೇಲೆ ಈ ಗುರುತುಗಳ ಆಟ ಇನ್ನಷ್ಟು ರಂಗೇರಿದೆ.

ಗಾಳಿ, ಬೆಳಕು, ಝಳ

ಎಲ್ಲಿ ನಿಲ್ಲಬೇಕು ಎಂಬುದನ್ನು ಗಾಳಿ ತೀರ್ಮಾನಿಸುತ್ತದೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಅವುಗಳ ತುದಿಯ 09, 27 ಎಂಬ ಅಂಕಿಗಳು ದಿಕ್ಸೂಚಿಯ 90 ಮತ್ತು 270 ಡಿಗ್ರಿಗಳ ಸಂಕ್ಷೇಪ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಬೀಸುವಾಗ ವಿಮಾನಗಳು ಪೂರ್ವದ ಹಳ್ಳಿಗಳ ಮೇಲಿಂದ ಬಂದು ಇಳಿಯುತ್ತವೆ. ಚಳಿಗಾಲದಲ್ಲಿ ಗಾಳಿ ಮೂಡಣಕ್ಕೆ ತಿರುಗಿದರೆ ಬಳ್ಳಾರಿ ರಸ್ತೆಯ ಕಡೆಯಿಂದ. ಹೆದ್ದಾರಿಯಲ್ಲಿ ಹೋಗುವವರ ತಲೆಯ ಮೇಲೆ ಆಗ ಚಕ್ರ ಬಿಟ್ಟುಕೊಂಡ ವಿಮಾನ ಹಾದುಹೋಗುತ್ತದೆ. ಋತು ತಿಳಿಯದೆ ಹೋದವನು ಕೆರೆ ಏರಿಯ ಮೇಲೆ ಬೆಳಗಿನಿಂದ ಕೂತು ವಿಮಾನಗಳ ಬೆನ್ನು ನೋಡಿ ಬರಬೇಕಾಗುತ್ತದೆ.

ಬೆಳಕಿನ ಲೆಕ್ಕ ಇನ್ನೂ ಸೂಕ್ಷ್ಮ. ಯುರೋಪಿನ ಕೈಪಿಡಿಗಳು ರನ್‌ವೇಯ ದಕ್ಷಿಣಕ್ಕೆ ನಿಲ್ಲಿ, ಸೂರ್ಯ ಬೆನ್ನಿಗಿರುತ್ತಾನೆ ಎನ್ನುತ್ತವೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆಗ ಉತ್ತರದ ಬದಿಯೇ ಸರಿ. ಉಳಿದ ತಿಂಗಳು ದಕ್ಷಿಣ. ಹೊರಗಿನ ಪುಸ್ತಕವನ್ನು ನಂಬಿ ಮೇ ತಿಂಗಳಲ್ಲಿ ನಿಂತರೆ ಸಿಗುವುದು ಕಪ್ಪು ಹೊಟ್ಟೆಯ ವಿಮಾನ.

ಬಿಸಿಲು ಏರಿದಂತೆ ಕಾದ ನೆಲದ ಝಳ ಚಿತ್ರವನ್ನು ನೀರಿನಲ್ಲಿ ಕದಡಿದಂತೆ ಮಾಡುತ್ತದೆ. ಎಷ್ಟು ದುಬಾರಿ ಲೆನ್ಸ್ ಇದ್ದರೂ ಇದಕ್ಕೆ ಮದ್ದಿಲ್ಲ, ಹತ್ತಿರ ಹೋಗುವುದು ಇಲ್ಲವೇ ಬೇಗ ಏಳುವುದು. 100ರಿಂದ 400 ಮಿ.ಮೀ. ಜೂಮ್ ಸಾಮಾನ್ಯ ಆಯುಧ. ಜೆಟ್‌ಗೆ ಸೆಕೆಂಡಿನ ಸಾವಿರದ ಒಂದು ಭಾಗದ ವೇಗ ನಡೆಯುತ್ತದೆ. ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಗೆ ಹಾರುವ ಪಂಖದ ವಿಮಾನ ಎಟಿಆರ್‌ಗೆ ಅದೇ ವೇಗ ಇಟ್ಟರೆ ಪಂಖ ನಿಂತುಬಿಟ್ಟಂತೆ ಕಾಣುತ್ತದೆ, ನೋಡಿದವರು ಹೆದರಬೇಕು. ಅದಕ್ಕೆ 1/125 ಅಥವಾ 1/250. ವಿಮಾನದ ಜೊತೆ ಸೊಂಟ ತಿರುಗಿಸುತ್ತ ಕ್ಲಿಕ್ ಮಾಡಬೇಕು. ಡಿಸೆಂಬರ್, ಜನವರಿಯ ಬೆಳಗಿನ ಮಂಜಿನಲ್ಲಿ ಮಾತ್ರ ಏನೂ ಕಾಣದು. 2020ರ ಕೊನೆಯಲ್ಲಿ ದಕ್ಷಿಣ ರನ್‌ವೇಗೆ ಬಂದ ಮಂಜಿನಲ್ಲೂ ಇಳಿಸುವ ಕ್ಯಾಟ್-3ಬಿ ವ್ಯವಸ್ಥೆ ಪೈಲಟ್‌ಗೆ ನೆರವಾಗುತ್ತದೆ, ಹವ್ಯಾಸಿಗಲ್ಲ.

ಕಿವಿಯ ಬದಲು ಆ್ಯಂಟೆನಾ

ಇಂದಿನ ವಿಮಾನಗಳು ತಾವು ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಎಂಬುದನ್ನು 1090 ಮೆಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ತಾವೇ ಸಾರುತ್ತ ಹೋಗುತ್ತವೆ. ಎಡಿಎಸ್-ಬಿ ಎಂಬ ಈ ಸಂಕೇತವನ್ನು ಹಿಡಿಯುವ ಪೆನ್‌ಡ್ರೈವ್ ಗಾತ್ರದ ರಿಸೀವರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಸ್ವೀಡನ್ನಿನಲ್ಲಿ ಹುಟ್ಟಿದ ಫ್ಲೈಟ್‌ರಾಡಾರ್24ರಂಥ ಸೇವೆಗಳು ಜಗತ್ತಿನಾದ್ಯಂತ ಹವ್ಯಾಸಿಗಳು ತಮ್ಮ ತಾರಸಿಯಿಂದ ಕಳಿಸುವ ಇಂಥ ಮಾಹಿತಿಯ ಮೇಲೆಯೇ ನಿಂತಿವೆ. ಹಳಬರು ಇದನ್ನು ಕಂಡು ಮೂಗು ಮುರಿಯುವುದುಂಟು, ಮುಂಚೆಯೇ ಎಲ್ಲ ಗೊತ್ತಾದರೆ ಕಾಯುವುದರಲ್ಲಿ ಏನು ಸುಖ ಎಂದು. ಸುಖ ಕಡಿಮೆಯಾಗಿರಬಹುದು, ಪೆಟ್ರೋಲೂ ಉಳಿದಿದೆ.

ಕಾನೂನು

1937ರ ವಿಮಾನ ನಿಯಮಗಳ 13ನೇ ನಿಯಮ ಸರ್ಕಾರಿ ವಿಮಾನ ನಿಲ್ದಾಣದಲ್ಲಿ ಮತ್ತು ಹಾರುವ ವಿಮಾನದಿಂದ ಲಿಖಿತ ಅನುಮತಿಯಿಲ್ಲದೆ ಫೋಟೊ ತೆಗೆಯುವುದನ್ನು ತಡೆಯುತ್ತದೆ. 2004ರ ಡಿಸೆಂಬರಿನ ಸುತ್ತೋಲೆಯೊಂದು ಪ್ರಯಾಣಿಕರಿಗೆ ವಿಮಾನದೊಳಗಿಂದ ಚಿತ್ರ ತೆಗೆಯಲು ಸಡಿಲಿಕೆ ಕೊಟ್ಟಿತು. 2020ರಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ ಅದನ್ನು ಷರತ್ತುಗಳೊಂದಿಗೆ ಮತ್ತೆ ನೆನಪಿಸಿತು. 2025ರ ಮೇ ತಿಂಗಳಲ್ಲಿ ರಕ್ಷಣಾ ನೆಲೆಗಳಲ್ಲಿ ಫೋಟೊಗೆ ಕಟ್ಟುನಿಟ್ಟು ಬಂತು. ಸೇನೆಯ ನೆಲೆಗಳಿಗೆ ಇದರ ಮೇಲೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯೂ ಇದೆ. ಹೊರಗಿನ ರಸ್ತೆಯಲ್ಲಿ ನಿಂತು ನೋಡುವವನ ಬಗ್ಗೆ 13ನೇ ನಿಯಮ ಏನೂ ಹೇಳುವುದಿಲ್ಲ. ಹಾಗಾಗಿ ಅವನ ಗತಿ ಆ ಹೊತ್ತಿನ ಕಾವಲುಗಾರನ ಮನಸ್ಸಿನ ಮೇಲೆ ನಿಂತಿದೆ.

ಇದು ನಮ್ಮ ದೇಶದ ಪಾಡು ಮಾತ್ರವಲ್ಲ. 2001ರಲ್ಲಿ ಗ್ರೀಸಿನ ಕಲಮಾಟದ ವಾಯುನೆಲೆಯಲ್ಲಿ ನಂಬರು ಬರೆಯುತ್ತಿದ್ದ ಬ್ರಿಟಿಷ್ ಮತ್ತು ಡಚ್ ಹವ್ಯಾಸಿಗಳನ್ನು ಗೂಢಚಾರರೆಂದು ಹಿಡಿದರು. ಶಿಕ್ಷೆಯಾಗಿ, 2002ರ ಕೊನೆಗೆ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. 2010ರಲ್ಲಿ ದೆಹಲಿಯ ವಿಮಾನ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಉಳಿದಿದ್ದ ಇಬ್ಬರು ಬ್ರಿಟಿಷ್ ಹವ್ಯಾಸಿಗಳು ಸೆರೆಯಾಗಿ ದಂಡ ಕಟ್ಟಿ ಊರು ಸೇರಿದರು. ಇನ್ನೊಂದು ಮಗ್ಗುಲೂ ಇದೆ: ಅಮೆರಿಕದ ಗುಪ್ತಚರ ಸಂಸ್ಥೆ ಬಂದಿಗಳನ್ನು ಗುಟ್ಟಾಗಿ ದೇಶದಿಂದ ದೇಶಕ್ಕೆ ಸಾಗಿಸಿದ್ದು ಬಯಲಾಗುವಲ್ಲಿ ಯುರೋಪಿನ ಸ್ಪಾಟರ್‌ಗಳು ಬರೆದಿಟ್ಟಿದ್ದ ನೋಂದಣಿ ಸಂಖ್ಯೆಗಳು ಪತ್ರಕರ್ತರಿಗೆ ಒದಗಿದವು.

ಹಿಂದೆ ಭಾರತದ ಹಲವು ವಿಮಾನ ನಿಲ್ದಾಣಗಳಲ್ಲಿ ಟಿಕೆಟ್ ಕೊಂಡು ಹತ್ತುವ ವೀಕ್ಷಕರ ಗ್ಯಾಲರಿ ಇರುತ್ತಿತ್ತು. ಭದ್ರತೆಯ ಹೆಸರಿನಲ್ಲಿ ಅವು ಹೋದವು. ವಾಸ್ತವದಲ್ಲಿ ಗುರುತಿನ ಚೀಟಿ ನೋಡಿ ಒಂದು ಕಟಕಟೆಯೊಳಗೆ ನಿಲ್ಲಿಸಿದ ಐವತ್ತು ಜನರನ್ನು ಕಾಯುವುದು, ಊರೆಲ್ಲ ಚೆದುರಿದ ಐವತ್ತು ಜನರನ್ನು ಕಾಯುವುದಕ್ಕಿಂತ ಸುಲಭ.

ಯಲಹಂಕದ ಪ್ರದರ್ಶನ

ಕರ್ನಾಟಕದಲ್ಲಿ ವೀಕ್ಷಣೆಗೆ ಅಧಿಕೃತವಾಗಿ ಬಾಗಿಲು ತೆರೆಯುವ ಒಂದೇ ದೊಡ್ಡ ಸಂದರ್ಭ ಯಲಹಂಕ ವಾಯುನೆಲೆಯ ಏರೋ ಇಂಡಿಯಾ. 1996ರಲ್ಲಿ ಶುರುವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯಾದ ಸು-57 ಒಂದೇ ಅಂಗಳದಲ್ಲಿ ಕಂಡವು. ಟಿಕೆಟ್ ಸಿಗದವರು ಸುತ್ತಲಿನ ತಾರಸಿ, ಮೇಲ್ಸೇತುವೆಗಳನ್ನು ಹಿಡಿಯುತ್ತಾರೆ. ಹದ್ದುಗಳು ಸೇರದಿರಲೆಂದು ಸುತ್ತಲಿನ ಮಾಂಸದಂಗಡಿಗಳನ್ನು ಆ ದಿನಗಳಲ್ಲಿ ಮುಚ್ಚಿಸುತ್ತಾರೆ. ವಿಮಾನ ಹಬ್ಬಕ್ಕೆ ಊರೇ ಸಸ್ಯಾಹಾರಿಯಾಗುವ ಸೋಜಿಗ. 2019ರ ಪ್ರದರ್ಶನದ ಮುನ್ನಾದಿನ ತಾಲೀಮಿನಲ್ಲಿ ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ಪೈಲಟ್ ಒಬ್ಬರು ತೀರಿಕೊಂಡರು. ಈ ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಬೀದರಿನಲ್ಲಿ, ಅದರ ಮನೆಯೂ ಅಲ್ಲೇ.

ರಾಜ್ಯದ ಮಿಕ್ಕ ನಿಲ್ದಾಣಗಳಲ್ಲಿ ನೋಟಕ್ಕೆ ಮಂಗಳೂರಿನ ಬಜ್ಪೆ ಮೊದಲು. 1951ರಲ್ಲಿ ತೆರೆದ ಈ ನಿಲ್ದಾಣ ಗುಡ್ಡ ಸವರಿ ಮಾಡಿದ್ದು, ಕಣಿವೆಯ ಅಂಚಿನಲ್ಲಿ ರನ್‌ವೇ ಮುಗಿಯುತ್ತದೆ. 2010ರ ಮೇ 22ರ ದುರಂತದಲ್ಲಿ 158 ಮಂದಿ ಸತ್ತದ್ದು ಇಲ್ಲಿಯೇ. ಕಲಬುರಗಿ 2019ರಲ್ಲಿ, ಶಿವಮೊಗ್ಗ 2023ರಲ್ಲಿ ಸೇರಿಕೊಂಡವು.

ವಿಜಯಪುರ: ಮೇಲಿನಿಂದ ಹೋಗುವವು

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಿಂತವನಿಗೆ ರೈಲು ಹತ್ತಿರ, ವಿಮಾನ ದೂರ. ಬೆಂಗಳೂರು ರಸ್ತೆಯಲ್ಲಿ 500 ಕಿ.ಮೀ. ದಾಟುತ್ತದೆ, ಹೈದರಾಬಾದ್ ಅದಕ್ಕಿಂತ ಸಮೀಪ. ಜಗತ್ತಿನ ಅತಿ ಭಾರದ ಸರಕು ವಿಮಾನ, ಆರು ಎಂಜಿನ್ನಿನ ಆಂಟೊನೊವ್-225, 2016ರ ಮೇ ತಿಂಗಳಲ್ಲಿ ಭಾರತದಲ್ಲಿ ಇಳಿದದ್ದು ಹೈದರಾಬಾದಿನ ಶಂಷಾಬಾದಿನಲ್ಲಿ. 2022ರ ಯುದ್ಧದಲ್ಲಿ ಅದು ಉಕ್ರೇನಿನಲ್ಲಿ ಸುಟ್ಟುಹೋಯಿತು, ಇದ್ದದ್ದು ಅದೊಂದೇ.

ಊರಿನ ಹೊರಗೆ ಬುರಣಾಪುರದಲ್ಲಿ ವಿಮಾನ ನಿಲ್ದಾಣಕ್ಕೆ 2021ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು. ಮೊದಲು ಎಟಿಆರ್-72 ಇಳಿಯುವಷ್ಟಕ್ಕೆ ನಕ್ಷೆ ಇತ್ತು, ಆಮೇಲೆ ಎ320 ಇಳಿಯುವಂತೆ ಹಿಗ್ಗಿಸಲಾಯಿತು. ಹೊಸದಾಗಿ ಕಟ್ಟುವ ನಿಲ್ದಾಣದಲ್ಲಿ ಕಾಂಪೌಂಡಿನ ಹೊರಗೆ ಒಂದು ಎತ್ತರದ ಕಟ್ಟೆ, ಕುಡಿಯುವ ನೀರು, ನೆರಳು, ಯಾವ ವಿಮಾನ ಯಾವುದು ಎಂದು ತಿಳಿಸುವ ಒಂದು ಫಲಕ ಇಡಲು ದೊಡ್ಡ ಖರ್ಚಿಲ್ಲ. ಶಾಲೆಯ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆತರುವ ಬಸ್ಸುಗಳು ಅಲ್ಲಿಗೂ ಹೋದಾವು. ಬೇಲಿ ಎದ್ದ ಮೇಲೆ ಕಿಂಡಿ ಕೊರೆಯುವ ಬದಲು ಜಿಲ್ಲಾಡಳಿತ ಮೊದಲೇ ಇದನ್ನು ಯೋಚಿಸಬೇಕು.

ಅಷ್ಟರಲ್ಲಿ ನೋಡಲು ಏನೂ ಇಲ್ಲವೆಂದಲ್ಲ. ನಕ್ಷೆಯ ಮೇಲೆ ಮುಂಬೈಯಿಂದ ಚೆನ್ನೈಗೆ ಅಡಿಪಟ್ಟಿ ಇಟ್ಟು ಗೆರೆ ಎಳೆಯಿರಿ, ಅದು ವಿಜಯಪುರದ ಪಕ್ಕದಲ್ಲೇ ಹಾಯುತ್ತದೆ. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ನಿಮಿಷಕ್ಕೆ ಹದಿನಾಲ್ಕು ಹದಿನೈದು ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನ, ಆಕಾಶ ತಿಳಿಯಾಗಿದ್ದರೆ ಐದಾರು ನಿಮಿಷ ಕಣ್ಣಿಗೆ ಸಿಗುತ್ತದೆ. ಅಲ್ಲಿಯ ಚಳಿಗೆ ಎಂಜಿನ್ನಿನ ಹಬೆ ಮಂಜಿನ ಹರಳಾಗಿ ಬಿಳಿ ಗೆರೆಯಾಗುತ್ತದೆ. ಗೆರೆ ಬೇಗ ಅಳಿಸಿದರೆ ಮೇಲಿನ ಗಾಳಿ ಒಣಗಿದೆ ಎಂದು ಅರ್ಥ, ಹರಡಿ ಉಳಿದರೆ ತೇವವಿದೆ ಎಂದು. ‘ಇಮಾನ ಹೊಂಟೈತಿ ನೋಡ್ರೋ’ ಎಂದು ಕೂಗುವ ಹುಡುಗರಿಗೆ ಇಷ್ಟು ಹೇಳಿಕೊಟ್ಟರೆ ಅವರ ಕೂಗಿಗೆ ಒಂದು ವಿದ್ಯೆ ಕೂಡುತ್ತದೆ. ತಾರಸಿಯ ಮೇಲೊಂದು ಆ್ಯಂಟೆನಾ ಇಟ್ಟರೆ, ಅಡ್ಡಿಯಿಲ್ಲದ ಬಯಲುಸೀಮೆಯಾದ್ದರಿಂದ, ಪುಣೆ, ಹೈದರಾಬಾದಿನ ಮೇಲೆ ಎತ್ತರದಲ್ಲಿ ಹಾರುವ ವಿಮಾನದ ಸಂಕೇತವೂ ಲೆಕ್ಕಪ್ರಕಾರ ಇಲ್ಲಿಗೆ ಮುಟ್ಟಬೇಕು.

ನೋಡಲು ಒಳ್ಳೆಯ ಜಾಗ ಗೋಳಗುಮ್ಮಟದ ಮೇಲಿನ ತಾರಸಿ. ಮೂಲೆಯ ಏಳಂತಸ್ತಿನ ಗೋಪುರದ ಮೆಟ್ಟಿಲು ಹತ್ತಿ, ಪಿಸುಗುಟ್ಟುವ ಗ್ಯಾಲರಿಯ ಗದ್ದಲ ಬಿಟ್ಟು ಹೊರಗೆ ಬಂದರೆ ನಾಲ್ಕೂ ದಿಕ್ಕು ಬಯಲು. ಬೆಳಿಗ್ಗೆ ಹೋಗಿ. ಮುಂಬೈಯಿಂದ ಚೆನ್ನೈಗೆ ಹೊರಟದ್ದು ವಾಯವ್ಯದಲ್ಲಿ ಮೂಡಿ ಆಗ್ನೇಯದಲ್ಲಿ ಮರೆಯಾಗುತ್ತದೆ. ಮರಳುವುದು ಅದೇ ದಾರಿಯಲ್ಲಿ ತಿರುವುಮುರುವು.